ಬಾಕ್ಸ್ಟಿ ಬಿಡೋದಿಲ್ಲ, ಏನೀಗ?

ಡ್ರಮ್‌ಶಾನ್ ಊರಿನ ಹೆಂಗಸರು ಆಲೂಗಡ್ಡೆಗೆ ಬಹಿಷ್ಕಾರ ಹಾಕಿದ್ದರು. ಬೇರೆಲ್ಲೋ ಅಲ್ಲ, ಲೀಟ್ರಿಮ್ ಸೀಮೆಯಲ್ಲಿ! ಮುತ್ತಜ್ಜಿಯರ ಕಾಲದಿಂದ ಇಲ್ಲಿ ಹೊಟ್ಟೆ ಹೊರೆದದ್ದೇ ಆಲೂಗಡ್ಡೆ. ಅದು ನೆಲದಲ್ಲೇ ಕೊಳೆತ ವರ್ಷಗಳಲ್ಲಿ ಊರಿಗೆ ಊರೇ ಖಾಲಿಯಾಗಿ ಜನ ಹಡಗು ಹತ್ತಿದ್ದರು. ಅಂಥ ಊರಿನಲ್ಲಿ ಈಗ ಯಾರ ಮನೆಗೆ ಹೋದರೂ "ಅಯ್ಯೋ, ನಾವು ಆಲೂಗಡ್ಡೆ ಬಿಟ್ಟುಬಿಟ್ಟಿದ್ದೀವಿ" ಎಂಬ ಮಾತು. ಕುಡಿತ ಬಿಟ್ಟವರು ಎದೆಯುಬ್ಬಿಸಿ ಹೇಳಿಕೊಳ್ಳುತ್ತಾರಲ್ಲ, ಹಾಗೆ.

ಇದಕ್ಕೆಲ್ಲ ಮೂಲ ಗುರುವಾರದ ತೂಕದ ಸಂಜೆ. ಚರ್ಚಿನ ಪಕ್ಕದ ಸಭಾಮಂದಿರದಲ್ಲಿ ಡಿಂಪ್ನಾ ಮೆಕ್‌ಪಾರ್ಟ್ಲಿನ್ ಎಂಬಾಕೆ 'ಹಗುರ ಬಳಗ' ಎಂಬ ಗುಂಪು ಕಟ್ಟಿದ್ದಳು. ಅವಳು ಎಲ್ಲಿಂದಲೋ ಒಂದು ಪುಸ್ತಕ ತರಿಸಿ ಓದಿ, ತಾನೂ ಕಡ್ಡಿಯಾಗಿ, ಊರನ್ನೂ ಕಡ್ಡಿ ಮಾಡಲು ಹೊರಟಿದ್ದಳು. ಪ್ರತಿ ಗುರುವಾರ ಹೆಂಗಸರು ಸಾಲಾಗಿ ನಿಂತು, ಬೂಟು ಬಿಚ್ಚಿ, ಸ್ವೆಟರ್ ಬಿಚ್ಚಿ, ಕೆಲವರು ಕಿವಿಯೋಲೆಯನ್ನೂ ಬಿಚ್ಚಿಟ್ಟು ತಕ್ಕಡಿ ಹತ್ತಬೇಕು. ಡಿಂಪ್ನಾ ತೂಕವನ್ನು ಜೋರಾಗಿ ಓದುತ್ತಾಳೆ. ಇಳಿದಿದ್ದರೆ ಚಪ್ಪಾಳೆ. ಏರಿದ್ದರೆ ಎಲ್ಲರೂ ಸೇರಿ "ಓ..." ಎಂದು ರಾಗ ಎಳೆಯಬೇಕು. ಬಳಗದ ನಿಯಮ ಅದು.

"ಪಿಷ್ಟ ಅಂದ್ರೆ ಶತ್ರು ಕಣ್ರೇ!" ಎಂದು ಡಿಂಪ್ನಾ ಮೇಜು ಗುದ್ದುತ್ತಿದ್ದಳು. "ಆಲೂಗಡ್ಡೆ ತುಂಬ ಇರೋದು ಬರೀ ಪಿಷ್ಟ. ಬಾಕ್ಸ್ಟಿ ಅಂತೂ ವಿಷ. ಅದನ್ನ ತಿನ್ನೋದೂ ಒಂದೇ, ಸೊಂಟಕ್ಕೆ ಕಟ್ಕೊಳ್ಳೋದೂ ಒಂದೇ!"

ಬಾಕ್ಸ್ಟಿ ಎಂದರೆ ಈ ಸೀಮೆಯ ಆಲೂಗಡ್ಡೆ ರೊಟ್ಟಿ. ಹಸಿ ಆಲೂಗಡ್ಡೆ ತುರಿದು, ಬೆಂದ ಆಲೂಗಡ್ಡೆ ಹಿಸುಕಿ, ಹಿಡಿ ಮೈದಾ, ಮಜ್ಜಿಗೆ ಬೆರೆಸಿ ಕಾವಲಿಯ ಮೇಲೆ ಹಾಕುತ್ತಾರೆ. ಹ್ಯಾಲೋವೀನ್ ಹಬ್ಬಕ್ಕೆ ಅದಿಲ್ಲದ ಮನೆಯೇ ಇರುತ್ತಿರಲಿಲ್ಲ.

ಈ ಬಳಗಕ್ಕೆ ಅಟ್ರಾಕ್ಟಾ ಗಿಲ್‌ರೇನ್ ಕೂಡ ಸೇರಿದ್ದಳು. ಅರವತ್ತು ದಾಟಿದ ಗಟ್ಟಿ ಹೆಂಗಸು. ಗುಡ್ಡದ ಇಳಿಜಾರಿನಲ್ಲಿ ಹಸು ಸಾಕಿಕೊಂಡು ಬದುಕಿದವಳು. ಗಂಡ ಪ್ಯಾಕಿಗೆ ಸೊಂಟದ ಶಸ್ತ್ರಚಿಕಿತ್ಸೆ ಆದ ಮೇಲೆ ಕೊಟ್ಟಿಗೆಯ ಕೆಲಸವೆಲ್ಲ ಅವಳದೇ. ಮೊಣಕಾಲು ನೋಯುತ್ತದೆ ಎಂದಾಗ ಡಾಕ್ಟರು "ಸ್ವಲ್ಪ ತೂಕ ಇಳಿಸಿ" ಎಂದಿದ್ದರು. ಅಷ್ಟೇ ಅವರು ಹೇಳಿದ್ದು. ಮಿಕ್ಕಿದ್ದನ್ನೆಲ್ಲ ಡಿಂಪ್ನಾ ಸೇರಿಸಿದಳು.

ಹಿಡಿದ ಕೆಲಸ ಬಿಡುವವಳಲ್ಲ ಅಟ್ರಾಕ್ಟಾ. ಬೆಳಗ್ಗೆ ಕಪ್ಪು ಕಾಫಿ, ಮಧ್ಯಾಹ್ನ ಬಳಗದವರು ಹಂಚಿದ ಸೂಪಿನ ಪುಡಿ, ಸಂಜೆಗೆ ಸೊಪ್ಪು. ಮೊದಮೊದಲು ಚಪ್ಪಾಳೆ ಸಿಕ್ಕಿತು. ಚಪ್ಪಾಳೆಯ ರುಚಿಯೇ ಹಾಗೆ, ಒಮ್ಮೆ ಹತ್ತಿದರೆ ಬಿಡದು. ಹ್ಯಾಲೋವೀನ್ ಹತ್ತಿರ ಬಂದರೂ ಅವಳ ಅಡುಗೆಮನೆಯಲ್ಲಿ ಆಲೂಗಡ್ಡೆ ಬೇಯುವ ಸುಳಿವೇ ಇರಲಿಲ್ಲ.

"ಈ ಸಲ ಬಾಕ್ಸ್ಟಿ ಇಲ್ವೇನೇ?" ಎಂದು ಕೇಳಿದ ಪ್ಯಾಕಿ.

"ಇಲ್ಲ. ಕೋಸಿನ ಎಲೆ ಇದೆ, ತಿನ್ನು."

"ಎಲೆ ತಿನ್ನೋಕೆ ನಾನೇನು ನಿನ್ನ ಹಸುನಾ? ಅದೂ ಹಸುಗಳಿಗಾದ್ರೆ ಜೊತೆಗೆ ಹಿಂಡಿ ಹಾಕ್ತೀಯ."

"ಬಾಯ್ಮುಚ್ಕೊಂಡು ತಿನ್ನು ಪ್ಯಾಕಿ. ನಾಲಿಗೆ ಚಪಲ ಜಾಸ್ತಿ ಆಯ್ತು ನಿಂಗೆ."

ಬೈದಳು ಸರಿ, ಆದರೆ ಅವಳಿಗೂ ಹೊಟ್ಟೆಯಲ್ಲಿ ಬೆಂಕಿ. ಮೆಟ್ಟಿಲು ಹತ್ತಿದರೆ ಕಾಲು ನಡುಗುತ್ತಿತ್ತು. ಬಕೆಟ್ಟು ಎತ್ತಿದರೆ ಕೈ ಸೋಲುತ್ತಿತ್ತು. ವಯಸ್ಸಾಯಿತು, ಅದಕ್ಕೇ ಹೀಗೆ ಎಂದುಕೊಂಡಳೇ ಹೊರತು ಊಟದ ಕಡೆಗೆ ಅವಳ ಬುದ್ಧಿ ಹೋಗಲೇ ಇಲ್ಲ.

ಒಂದು ಮುಂಜಾನೆ ಕೊಟ್ಟಿಗೆಯಲ್ಲಿ ಕೆಂಪು ಹಸು ಕರು ಹಾಕಿತ್ತು. ಕರು ಮೊಲೆಗೆ ಬಾಯಿ ಹಚ್ಚುತ್ತಿರಲಿಲ್ಲ. ಅಟ್ರಾಕ್ಟಾ ಕಂಬಿ ಬೇಲಿಯ ಒಳಗೆ ಹೋಗಿ ಬಗ್ಗಿ ಕರುವಿನ ಬಾಯಿಯನ್ನು ಕೆಚ್ಚಲಿಗೆ ಹಿಡಿದಳು. ಹೊಸದಾಗಿ ಕರು ಹಾಕಿದ ಹಸು ಎಂಥ ಸಾಧುವಾದರೂ ನಂಬುವ ಹಾಗಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅದಕ್ಕೇ ಒಂದು ಕಣ್ಣು ಹಸುವಿನ ಮೇಲೇ ಇಟ್ಟಿದ್ದಳು. ಕರು ಚೀಪತೊಡಗಿತು. ಸಂತೋಷದಿಂದ ಎದ್ದು ನಿಂತಳು, ನೋಡಿ, ಕಣ್ಣು ಕತ್ತಲೆ ಬಂತು. ಗೋಡೆ ಹಿಡಿಯಲು ಹೋದರೆ ಗೋಡೆ ಸಿಗಲಿಲ್ಲ. ಹಣೆ ಕಬ್ಬಿಣದ ಕಂಬಿಗೆ ಬಡಿದು ಕರುವಿನ ಪಕ್ಕದಲ್ಲೇ ದೊಪ್ಪನೆ ಬಿದ್ದಳು.

ಹಸು ತಲೆ ತಗ್ಗಿಸಿ ನುಗ್ಗಿತು. ಹೊರಗಿದ್ದ ಪ್ಯಾಕಿ ಬೇಲಿಯ ಗೇಟನ್ನು ಕೋಲಿನಿಂದ ಬಡಿಬಡಿದು ಕೂಗಿದ. ಅದು ಅರೆಕ್ಷಣ ಬೆಚ್ಚಿ ನಿಂತಿತು. ಅಷ್ಟರಲ್ಲಿ ಆ ಸೊಂಟ ನೆಟ್ಟಗಿಲ್ಲದ ಮನುಷ್ಯ ಒಳಗೆ ನುಗ್ಗಿ ಹೆಂಡತಿಯ ಕೋಟಿನ ಕತ್ತುಪಟ್ಟಿ ಹಿಡಿದು ದರದರ ಎಳೆದುಕೊಂಡು ಬಂದ. ಹೊರಗೆ ಕೆಸರಿನಲ್ಲಿ ಕೂತು ಇಬ್ಬರೂ ಏದುಸಿರು ಬಿಟ್ಟರು. ಅವಳ ಹಣೆಯಿಂದ ರಕ್ತ ಸುರಿಯುತ್ತಿತ್ತು.

"ನಿನ್ನನ್ನ ತುಳಿದುಹಾಕ್ಬಿಡ್ತಿತ್ತಲ್ಲೇ," ಎಂದ ಅವನು. "ಸಾಕು. ಹಸು ಎಲ್ಲಾ ಮಾರಿಬಿಡೋಣ. ನನ್ನ ಕೈಲಾಗಲ್ಲ, ಈಗ ನಿನ್ನ ಕೈಲೂ ಆಗಲ್ಲ."

ಬಿದ್ದದ್ದಕ್ಕಿಂತ ಆ ಮಾತು ಅವಳನ್ನು ಹೆಚ್ಚು ನೋಯಿಸಿತು. ಹಸುಗಳಿಲ್ಲದೆ ಅವಳು ಯಾರು? ಬೆಳಗ್ಗೆ ಎದ್ದು ಏನು ಮಾಡುವುದು? ಅವಳು ಅತ್ತಳು.

ಡಾಕ್ಟರು ಹೊಲಿಗೆ ಹಾಕಿ, ಪರೀಕ್ಷೆಗೆ ರಕ್ತ ತೆಗೆದುಕೊಂಡರು. ಗಾಯಕ್ಕೆ ಪಟ್ಟಿ ಬದಲಾಯಿಸಲು ಊರಿನ ಆರೋಗ್ಯ ನರ್ಸ್ ನೂಲಾ ಮಲ್ವೀ ಮನೆಗೆ ಬಂದಳು. ನೆರೆಮನೆಯವರ ಮಗಳು, ಅಟ್ರಾಕ್ಟಾಳ ಕಣ್ಣೆದುರೇ ಬೆಳೆದವಳು. ರಕ್ತದೊತ್ತಡ ನೋಡಿ ಹುಬ್ಬೇರಿಸಿದಳು.

"ಇಷ್ಟು ಕಮ್ಮಿ ಯಾಕೆ ಇದೆ? ನೀವು ಬಿ.ಪಿ. ಮಾತ್ರೆ ಬೇರೆ ತಗೋತೀರಲ್ವಾ? ಬೆಳಗ್ಗೆ ಏನು ತಿಂದ್ರಿ?"

"ಕಪ್ಪು ಕಾಫಿ."

"ಅದು ತಿನ್ನೋದಲ್ಲ. ಮಧ್ಯಾಹ್ನ?"

"ಸೂಪ್ ಪುಡಿ. ಬಿಸಿನೀರಿಗೆ ಹಾಕ್ಕೊಂಡು."

"ರಾತ್ರಿ?"

"ರಾತ್ರಿ ನನ್ನ ತಲೆ ತಿಂತಾಳೆ," ಎಂದ ಮೂಲೆಯಲ್ಲಿದ್ದ ಪ್ಯಾಕಿ. "ಜೊತೆಗೆ ಬಿಸ್ಕತ್ತು. ಡಬ್ಬಿ ಖಾಲಿ ಆಗ್ತಿತ್ತು ಅಂತ ನಾನು ಇಲಿಗೆ ಬೋನಿಟ್ಟಿದ್ದೆ ನೂಲಾ. ಆಮೇಲೆ ಗೊತ್ತಾಯ್ತು, ಇಲಿ ಯಾರು ಅಂತ."

ಅಟ್ರಾಕ್ಟಾಳ ಮುಖ ಕೆಂಪಾಯಿತು. "ಹಸಿವು ತಡೀಲಾರದೆ ತಿಂದೆ. ಏನೀಗ?"

ನೂಲಾ ನಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತಳು. "ಅದೇ ನೋಡಿ. ಹೊಟ್ಟೆಗೆ ಸಾಕಷ್ಟು ಊಟ ಕೊಡ್ಲಿಲ್ಲ ಅಂದ್ರೆ ಅದು ಕದ್ದು ತಿನ್ನತ್ತೆ. ದಿನವಿಡೀ ಹಸು ಹಿಂದೆ ಓಡೋ ದೇಹ ಇದು. ಶಕ್ತಿ ಎಲ್ಲಿಂದ ಬರಬೇಕು? ಮಾತ್ರೆ ಬಗ್ಗೆ ಡಾಕ್ಟರ ಹತ್ರ ನಾನೇ ಮಾತಾಡ್ತೀನಿ. ನೀವು ಊಟ ಮಾಡಿ. ಆಲೂಗಡ್ಡೆ ತಿನ್ನಿ."

"ಆಲೂಗಡ್ಡೆನಾ? ಡಿಂಪ್ನಾ ಹೇಳ್ತಾಳೆ..."

"ಡಿಂಪ್ನಾ ನರ್ಸಾ, ನಾನು ನರ್ಸಾ?"

"ಅದ್ರಲ್ಲಿ ಪಿಷ್ಟ ಇದೆಯಲ್ಲೇ ಮಾರಾಯ್ತಿ!"

"ಇದೆ. ಗದ್ದಲ ಎಬ್ಬಿಸೋ ಅಂಥದ್ದೇನಿದೆ ಅದ್ರಲ್ಲಿ? ಪಿಷ್ಟಾನೇ ನಿಮ್ಮ ಕೈಕಾಲಿನ ಕಸುವು. ಅದರ ಜೊತೆ ಪೊಟ್ಯಾಸಿಯಂ ಇದೆ, ವಿಟಮಿನ್ ಸಿ ಇದೆ, ಸಿಪ್ಪೆ ಸಮೇತ ಬೇಯಿಸಿ ತಿಂದ್ರೆ ನಾರು ಇದೆ. ತೂಕ ಏರಿಸೋದು ಆಲೂಗಡ್ಡೆ ಅಲ್ಲ, ಅದನ್ನ ಎಣ್ಣೇಲಿ ಮುಳುಗಿಸೋದು, ಮೇಲೆ ಬೆಣ್ಣೆ ಗುಡ್ಡೆ ಹಾಕೋದು, ರಾತ್ರಿ ಬಿಸ್ಕತ್ತು ಡಬ್ಬಿ ಖಾಲಿ ಮಾಡೋದು. ನಿಮ್ಮಮ್ಮ ಮಾಡ್ತಿದ್ದ ಬಾಕ್ಸ್ಟಿಗೆ ಎಷ್ಟು ಎಣ್ಣೆ ಹಾಕ್ತಿದ್ರು?"

"ಎಣ್ಣೆ ಎಲ್ಲಿತ್ತು ಆಗ? ಬಟ್ಟೆಗೆ ಸ್ವಲ್ಪ ಕೊಬ್ಬು ಹಚ್ಚಿ ಕಾವಲಿ ಒರೆಸ್ತಿದ್ಲು, ಅಷ್ಟೇ."

"ಮತ್ತೆ? ಅದನ್ನೇ ಮಾಡಿ. ಜೊತೆಗೊಂದು ಮೊಟ್ಟೆ, ಕೋಸಿನ ಪಲ್ಯ. ಮೊಣಕಾಲಿಗೆ ತೂಕ ಇಳೀಬೇಕು ನಿಜ, ಆದ್ರೆ ಮೆಲ್ಲಗೆ ಇಳೀಲಿ. ಕಾಲು ನಡುಗಿಸ್ಕೊಂಡು ಅಲ್ಲ."

ನೂಲಾ ಹೋದ ಮೇಲೆ ಅಟ್ರಾಕ್ಟಾ ಯೋಚಿಸುತ್ತ ಕೂತಳು. ಅರ್ಧ ಮನಸ್ಸಿಗೆ ನೂಲಾಳ ಮಾತು ಸರಿ ಎನ್ನಿಸಿತು. ಇನ್ನರ್ಧ ಮನಸ್ಸು ಇನ್ನೂ ಡಿಂಪ್ನಾಳ ಹಿಡಿತದಲ್ಲಿತ್ತು. ಕೊನೆಗೆ ಎದ್ದು ತಾಯಿಯ ಕಾಲದ ತುರಿಯುವ ತಗಡು ಇಳಿಸಿದಳು. ಹಳೆಯ ಡಬ್ಬಿಯನ್ನು ಬಿಡಿಸಿ ಮೊಳೆಯಿಂದ ತೂತು ಹೊಡೆದು ಮಾಡಿದ್ದು ಅದು. ಆಲೂಗಡ್ಡೆ ತುರಿದಳು, ಬಟ್ಟೆಯಲ್ಲಿ ಕಟ್ಟಿ ಹಿಂಡಿದಳು, ಹಿಂಡಿದ ನೀರನ್ನು ಬೋಗುಣಿಯಲ್ಲಿ ಬಿಟ್ಟಳು.

ಇಲ್ಲಿ ಒಂದು ಕೆಲಸ ಇದೆ. ಲೀಟ್ರಿಮ್‌ನ ಯಾವ ಹೆಣ್ಣುಮಗಳಿಗಾದರೂ ಕಣ್ಣು ಕಟ್ಟಿದರೂ ಗೊತ್ತು. ಆ ನೀರು ತಿಳಿಯಾದಾಗ ತಳದಲ್ಲಿ ಬೆಳ್ಳಗೆ ಗಟ್ಟಿಯಾಗಿ ಹಿಟ್ಟು ಕೂರುತ್ತದೆ. ಮೇಲಿನ ನೀರು ಬಸಿದು, ಆ ಬಿಳಿ ಹಿಟ್ಟನ್ನು ಕೆರೆದು ಮತ್ತೆ ತುರಿಗೆ ಸೇರಿಸಬೇಕು. ಅಟ್ರಾಕ್ಟಾ ಬೋಗುಣಿ ಎತ್ತಿದಳು. ಬಿಳಿ ಹಿಟ್ಟು ಕಂಡಿತು. ಕಿವಿಯಲ್ಲಿ ಡಿಂಪ್ನಾ ಮೇಜು ಗುದ್ದಿದಳು. ಇದೇ ತಾನೇ ಪಿಷ್ಟ? ಇದೊಂದನ್ನು ಬಿಟ್ಟು ಮಾಡಿದರೆ ನೂಲಾಳ ಮಾತೂ ಉಳಿಯಿತು, ಡಿಂಪ್ನಾಳ ಮಾತೂ ಉಳಿಯಿತು! ಹಾಗೆಂದು ನೀರು, ಹಿಟ್ಟು ಎರಡನ್ನೂ ಬಚ್ಚಲಿಗೆ ಸುರಿದಳು. ಮೈದಾವನ್ನೂ ಹಾಕಲಿಲ್ಲ.

ಕಾವಲಿಗೆ ಹಾಕಿದಳು. ತಿರುವಲು ಹೋದಳು. ರೊಟ್ಟಿ ಎರಡಾಯಿತು. ಇನ್ನೊಮ್ಮೆ ತಿರುವಿದಳು, ನಾಲ್ಕಾಯಿತು. ಆಮೇಲೆ ಲೆಕ್ಕವಿಲ್ಲ, ಪುಡಿಪುಡಿ.

ಪ್ಯಾಕಿ ಇಣುಕಿದ. "ಇದೇನೇ ಇದು, ಕೋಳಿಗೆ ಹಾಕೋ ನುಚ್ಚಾ?"

ಅವಳಿಗೆ ರೇಗಬೇಕಿತ್ತು, ಬದಲಿಗೆ ದುಃಖ ಒತ್ತರಿಸಿ ಬಂತು. ತಾಯಿಯ ಕೈಯಿಂದ ಕಲಿತ ಅಡುಗೆ, ಎಂದೂ ಹಾಳಾಗದ್ದು, ಇವತ್ತು ಹಾಳಾಯಿತು. ಕೊಟ್ಟಿಗೆಯೂ ಹೋಗುತ್ತದೆ, ಬಾಕ್ಸ್ಟಿಯೂ ಹೋಯಿತು, ಇನ್ನೇನು ಉಳಿಯಿತು ಎಂದು ಕುಸಿದು ಕೂತಳು. ಮರುದಿನ ಪಟ್ಟಿ ಬದಲಾಯಿಸಲು ಬಂದ ನೂಲಾಳಿಗೆ ಪ್ಯಾಕಿ ನುಚ್ಚಿನ ತಟ್ಟೆ ತೋರಿಸಿದ. ನಡೆದದ್ದನ್ನು ಕೇಳಿ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಹಿಟ್ಟನ್ನ ಬಚ್ಚಲಿಗೆ ಸುರಿದ್ರಾ? ನೀವಾ? ಅಟ್ರಾಕ್ಟಾ, ಚಿಕ್ಕವಳಿದ್ದಾಗ ನನಗೆ ಬೋಗುಣಿ ಕೆರೆಯೋದು ಹೇಳಿಕೊಟ್ಟವರು ನೀವೇ ಅಲ್ವಾ? ಆ ಹಿಟ್ಟಿಲ್ದೆ ರೊಟ್ಟೀನೂ ನಿಲ್ಲಲ್ಲ, ಕೊಟ್ಟಿಗೇಲಿ ನೀವೂ ನಿಲ್ಲಲ್ಲ. ನೋಡಿದ್ರಲ್ಲ!"

ಅಟ್ರಾಕ್ಟಾ ನೂಲಾಳ ಮುಖ ನೋಡಿದಳು, ಪುಡಿಯಾದ ರೊಟ್ಟಿ ನೋಡಿದಳು. ಆಗ ಬಂತು ಸಿಟ್ಟು. ಅಬ್ಬಾ, ಎಂಥ ಸಿಟ್ಟು! ನೂಲಾಳ ಮೇಲಲ್ಲ, ಪ್ಯಾಕಿಯ ಮೇಲಲ್ಲ. ಯಾವುದೋ ಊರಿನ ಯಾವುದೋ ಪುಸ್ತಕ ಬಂದು ತನ್ನ ತಾಯಿಯ ಅಡುಗೆಯನ್ನು ವಿಷ ಎಂದಿತು, ತಾನು ಬಾಯಿ ಮುಚ್ಚಿಕೊಂಡು ಚಪ್ಪಾಳೆಗೆ ಕಾದಳಲ್ಲ, ಅದಕ್ಕೆ.

"ತಗೊಂಡ್ಬಾ ಪ್ಯಾಕಿ, ಇನ್ನೊಂದು ಬುಟ್ಟಿ ಆಲೂಗಡ್ಡೆ," ಎಂದಳು. "ಹಸಿರಾಗಿರೋದು, ಮೊಳಕೆ ಬಂದಿರೋದು ಬೇಡ. ಅವು ಹೊಟ್ಟೆಗೆ ಆಗಲ್ಲ. ಒಳ್ಳೇದು ನೋಡಿ ತಾ."

ಈ ಸಲ ಹಿಟ್ಟು ಕೂರುವ ತನಕ ತಾಳ್ಮೆಯಿಂದ ಕಾದಳು. ನೀರು ಬಸಿದು, ಬಿಳಿ ಹಿಟ್ಟನ್ನು ಬೆರಳಿನಿಂದ ಒಂದು ಚೂರೂ ಬಿಡದೆ ಕೆರೆದು ತುರಿಗೆ ಹಾಕಿದಳು. ಹಿಸುಕಿದ ಆಲೂಗಡ್ಡೆ, ಹಿಡಿ ಮೈದಾ, ಮಜ್ಜಿಗೆ, ಚಿಟಿಕೆ ಸೋಡಾ. ಉಪ್ಪು ಮಾತ್ರ ನೂಲಾಳ ಮಾತಿನಂತೆ ಕಡಿಮೆ. ಕಾವಲಿಗೆ ಎಣ್ಣೆ ಒರೆಸಿ ಹದವಾದ ಉರಿಯಲ್ಲಿ ಬೇಯಿಸಿದಳು. "ಕಪ್ಪಾಗೋಕೆ ಬಿಡ್ಬೇಡಿ, ಹೊಂಬಣ್ಣ ಬಂದ್ರೆ ಸಾಕು," ಎಂದು ನೂಲಾ ಪಕ್ಕದಲ್ಲೇ ನಿಂತು ಹೇಳಿದಳು. ರೊಟ್ಟಿ ತಿರುವಿದಾಗ ಇಡಿಯಾಗಿ ಬಿತ್ತು. ಪ್ಯಾಕಿ ಟೋಪಿ ತೆಗೆದ, ಚರ್ಚಿನಲ್ಲಿ ತೆಗೆಯುವ ಹಾಗೆ.

ಆಮೇಲಿನ ದಿನಗಳಲ್ಲಿ ಅಟ್ರಾಕ್ಟಾ ಹೊತ್ತುಹೊತ್ತಿಗೆ ಉಂಡಳು. ಬಾಕ್ಸ್ಟಿ ದಿನವೂ ಅಲ್ಲ, ಕೆಲವು ದಿನ ಬರೀ ಬೇಯಿಸಿದ ಆಲೂಗಡ್ಡೆ, ಕೆಲವು ದಿನ ಓಟ್ಸ್ ಗಂಜಿ. ಬಿಸ್ಕತ್ತು ಡಬ್ಬಿಯ ನೆನಪೇ ಬರಲಿಲ್ಲ, ಏಕೆಂದರೆ ಹೊಟ್ಟೆ ತುಂಬಿತ್ತು. ಡಾಕ್ಟರು ಮಾತ್ರೆಯ ಪ್ರಮಾಣ ತಗ್ಗಿಸಿದರು. ತಲೆಸುತ್ತು ನಿಂತಿತು. ಕೆಂಪು ಹಸುವಿನ ಕರುವಿಗೆ ಗುರುತಿನ ಕಿವಿಬಿಲ್ಲೆ ಹಾಕುವ ದಿನ ಅವಳೇ ಅದನ್ನು ತೊಡೆಯ ನಡುವೆ ಅವುಚಿ ಹಿಡಿದಳು. ಬೇಲಿಯಾಚೆ ಕೋಲು ಹಿಡಿದು ಕಾಯುತ್ತಿದ್ದ ಪ್ಯಾಕಿ ಮಾರಾಟದ ಮಾತನ್ನು ಮತ್ತೆ ಎತ್ತಲಿಲ್ಲ.

ಗುರುವಾರ ಬಂತು. ಅಟ್ರಾಕ್ಟಾ ಬುಟ್ಟಿಯ ತುಂಬ ಬಾಕ್ಸ್ಟಿ ಮಾಡಿ, ಬಿಸಿ ಆರದಂತೆ ಟವೆಲ್ ಸುತ್ತಿ, ನೂಲಾಳನ್ನೂ ಕರೆದುಕೊಂಡು ಸಭಾಮಂದಿರಕ್ಕೆ ನಡೆದಳು. ಬಾಗಿಲು ತೆರೆದೊಡನೆ ಘಮ ಒಳಗೆ ಹರಡಿತು. ಸಾಲಿನಲ್ಲಿ ಬರಿಗಾಲಿನಲ್ಲಿ ನಿಂತಿದ್ದ ಹೆಂಗಸರೆಲ್ಲ ಒಟ್ಟಿಗೆ ಕತ್ತು ತಿರುಗಿಸಿದರು. ಅವಳು ಸಾಲು ಮುರಿದು ನೇರ ತಕ್ಕಡಿಯ ಬಳಿಗೆ ಹೋದಳು.

"ಬೂಟು ಬಿಚ್ಚು," ಎಂದಳು ಡಿಂಪ್ನಾ.

"ಬಿಚ್ಚಲ್ಲ." ಕೊಟ್ಟಿಗೆಯ ಕೆಸರು ಮೆತ್ತಿದ ಬೂಟಿನಲ್ಲೇ ತಕ್ಕಡಿ ಹತ್ತಿದಳು. ಒಂದು ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಬಾಕ್ಸ್ಟಿ.

"ಏನೇ ಇದು ಹುಚ್ಚಾಟ? ತಟ್ಟೆ ಕೆಳಗಿಡು!"

"ತಟ್ಟೆ ಸಮೇತ ತೂಗು. ಜೋರಾಗಿ ಓದು, ಎಲ್ಲರಿಗೂ ಕೇಳಲಿ." ಹಾಗೆಂದು ಒಂದು ತುಂಡು ಮುರಿದು ಬಾಯಿಗಿಟ್ಟಳು.

ಡಿಂಪ್ನಾ ಹಲ್ಲು ಕಚ್ಚಿ ಓದಿದಳು. ತೂಕ ಏರಿತ್ತು, ಏರದೇ ಇರುತ್ತದೆಯೇ? ಹಿಂದಿನ ಸಾಲಿನಿಂದ "ಓ..." ಎಂಬ ರಾಗ ಶುರುವಾಯಿತು.

"ಯಾರೇ ಅದು ಓ ಅಂದಿದ್ದು?" ಎಂದು ಅಟ್ರಾಕ್ಟಾ ತಿರುಗಿದಳು. ರಾಗ ಅಲ್ಲೇ ನಿಂತಿತು. "ಈ ಹಣೆ ನೋಡಿ. ಹೊಲಿಗೆ ಬಿದ್ದಿದೆ. ಹಸಿವಿನಿಂದ ತಲೆ ಸುತ್ತಿ ಹಸುವಿನ ಕಾಲಡಿ ಬಿದ್ದಿದ್ದೆ. ಪ್ಯಾಕಿ ಇಲ್ದಿದ್ರೆ ಇವತ್ತು ನೀವು ನನ್ನ ಹೆಣ ತೂಗಬೇಕಿತ್ತು. ಆಗ ಚಪ್ಪಾಳೆ ತಟ್ತಿದ್ರಾ? ಎದೆ ಮುಟ್ಕೊಂಡು ಹೇಳಿ, ಇಲ್ಲಿ ಇನ್ಯಾರಿಗೆ ತಲೆ ಸುತ್ತತ್ತೆ?"

ಅಂಚೆ ಕಚೇರಿಯ ಹೆಂಗಸು ಮೆಲ್ಲಗೆ ಕೈ ಎತ್ತಿದಳು. "ನಾನು ಭಾನುವಾರ ಚರ್ಚಿನಲ್ಲಿ ಮೊಣಕಾಲೂರಿದವಳು ಏಳೋಕಾಗ್ಲಿಲ್ಲ. ಭಕ್ತಿ ಜಾಸ್ತಿ ಆಯ್ತು ಅಂತ ಪಾದ್ರಿಗಳು ಖುಷಿಪಟ್ರು." ನಗು ಎದ್ದಿತು. ನಗುವಿನ ನಡುವೆಯೇ ಇನ್ನೊಂದು ಕೈ, ಮತ್ತೊಂದು ಕೈ.

"ನನಗಂತೂ ಯಾವತ್ತೂ ತಲೆ ಸುತ್ತಿಲ್ಲ," ಎಂದಳು ಡಿಂಪ್ನಾ, ಎರಡೂ ಕೈಯಲ್ಲಿ ಮೇಜು ಹಿಡಿದುಕೊಂಡು.

ಆಗ ನೂಲಾ ಮುಂದೆ ಬಂದಳು. "ತೂಕ ನೋಡ್ಕೊಳ್ಳೋದು ತಪ್ಪಲ್ಲ. ಉಪವಾಸ ಬಿದ್ದು ನೋಡ್ಕೊಳ್ಳೋದು ತಪ್ಪು. ತಟ್ಟೆ ಅರ್ಧ ತರಕಾರಿ ಇರಲಿ, ಕಾಲು ಭಾಗ ಮೊಟ್ಟೆನೋ ಮೀನೋ, ಇನ್ನು ಕಾಲು ಭಾಗ ಆಲೂಗಡ್ಡೆ. ಸಕ್ಕರೆ ಕಾಯಿಲೆ ಇರೋರು ಎಷ್ಟು ತಿನ್ನಬೇಕು ಅಂತ ನನ್ನನ್ನೋ ಡಾಕ್ಟರನ್ನೋ ಕೇಳಿ. ಆದ್ರೆ ಯಾರೂ ಇದನ್ನ ವಿಷ ಅನ್ನಬೇಡಿ."

ಬುಟ್ಟಿಯ ಟವೆಲ್ ಬಿಚ್ಚಿದ್ದೇ ತಡ, ಹೆಂಗಸರು ಬೂಟು ಹಾಕಿಕೊಳ್ಳುವುದನ್ನೂ ಮರೆತು ಮುಗಿಬಿದ್ದರು. ಡಿಂಪ್ನಾ ಮಾತ್ರ ತಕ್ಕಡಿ ಒರೆಸುತ್ತ ದೂರ ನಿಂತಳು. ಬುಟ್ಟಿ ಖಾಲಿಯಾಗುತ್ತ ಬಂದಾಗ ಹತ್ತಿರ ಬಂದು ಒಂದನ್ನು ಕಾಗದದ ಕರವಸ್ತ್ರದಲ್ಲಿ ಸುತ್ತಿಕೊಂಡಳು. "ನನಗಲ್ಲ. ನಮ್ಮ ಮನೆಯವರಿಗೆ," ಎಂದಳು.

"ಹೌದ್ಹೌದು, ಮನೆಯವರಿಗೆ," ಎಂದಳು ಅಟ್ರಾಕ್ಟಾ.

ಸ್ವಲ್ಪ ಹೊತ್ತಿನ ಮೇಲೆ ಖಾಲಿ ಬುಟ್ಟಿ ಹಿಡಿದು ಹೊರಗೆ ಬಂದರೆ ಡಿಂಪ್ನಾಳ ಕಾರು ಇನ್ನೂ ಅಂಗಳದಲ್ಲೇ ನಿಂತಿತ್ತು. ಒಳಗೆ ಅವಳು ಸ್ಟಿಯರಿಂಗಿನ ಮೇಲೆ ಬಾಗಿ, ಕಣ್ಣು ಮುಚ್ಚಿ, ಎರಡೂ ಕೈಯಲ್ಲಿ ಹಿಡಿದು ತಿನ್ನುತ್ತಿದ್ದಳು. ಅಟ್ರಾಕ್ಟಾ ಗಾಜಿನ ಬಳಿ ಬಂದು ನಿಂತದ್ದು ಕಂಡು ಬೆಚ್ಚಿ, ಬಾಯಿ ಒರೆಸಿಕೊಂಡು, ಗಾಜು ಇಳಿಸಿದಳು. ಸೋಲೊಪ್ಪುವ ಜಾತಿಯೇ ಅಲ್ಲ ಅದು.

"ಉಪ್ಪು ಕಮ್ಮಿ ಆಯ್ತು ಕಣೇ," ಎಂದಳು.

"ಮುಂದಿನ ಗುರುವಾರ ನೀನೇ ಮಾಡ್ಕೊಂಡು ಬಾ. ನೋಡೋಣ ನಿನ್ನ ಕೈಗುಣ," ಎಂದಳು ಅಟ್ರಾಕ್ಟಾ.

ಅಕ್ಕಂದಿರೇ, ಅಣ್ಣಂದಿರೇ, ಈಗ ನಿಮ್ಮ ಮಾತು. ನಿಮ್ಮ ಅಜ್ಜಿ ಮಾಡುತ್ತಿದ್ದ ಯಾವ ತಿಂಡಿಗೆ ನೀವು ಬಹಿಷ್ಕಾರ ಹಾಕಿದ್ದೀರಿ? ಯಾರ ಮಾತು ಕೇಳಿ ಹಾಕಿದ್ದೀರಿ? ಪುಸ್ತಕದ ಮಾತು, ಪಕ್ಕದ ಮನೆಯವರ ಮಾತು ನಂಬಿ ಅನ್ನ ಬಿಡಬೇಡಿ. ತೂಕ ಇಳಿಯಲೇಬೇಕಿದ್ದರೆ ನಿಮ್ಮ ಊರಿನ ಆರೋಗ್ಯ ಕಾರ್ಯಕರ್ತೆಯನ್ನು ಕೇಳಿ, ಮೆಲ್ಲಗೆ ಇಳಿಸಿ. ಮಾತ್ರೆ ನುಂಗುವವರು ಊಟ ಬದಲಿಸುವ ಮೊದಲು ಡಾಕ್ಟರಿಗೆ ಹೇಳಿ. ತಲೆ ಸುತ್ತಿದರೆ ಮುಚ್ಚಿಡಬೇಡಿ. ಎಣ್ಣೆ ಕಡಿಮೆ ಮಾಡಿ, ಉಪ್ಪು ಕಡಿಮೆ ಮಾಡಿ, ಜೊತೆಗೆ ಸೊಪ್ಪು ತರಕಾರಿ ಇಟ್ಟುಕೊಳ್ಳಿ, ಹೊಟ್ಟೆ ತುಂಬ ಉಣ್ಣಿ. ಅದನ್ನು ನೋಡಿ ಯಾರಾದರೂ "ಓ..." ಎಂದು ರಾಗ ಎಳೆದರೆ ಎಳೆಯಲಿ ಬಿಡಿ, ನೀವು ಮಾತ್ರ ತಟ್ಟೆ ಕೆಳಗಿಡಬೇಡಿ.